ಗರಸು ದಾರಿಯಲ್ಲಿ ಎರಡು ಗಾಲಿ



ಕಲಬುರಗಿಯ ಗಾಜಿಪುರದಿಂದ ಕಮಲಾಪುರಕ್ಕೆ ಸೈಕಲ್ ಮೇಲೆ ಹೋಗುತ್ತೇನೆಂದು ನೀವು ಮನೆಯಲ್ಲಿ ಹೇಳಿದರೆ ಹಿರಿಯರು ಮೊದಲು ಕೇಳುವ ಮಾತು 'ಬಸ್ ಇಲ್ಲೇನು?' ಎಂಬುದು. ಆ ಮಾತಿನಲ್ಲಿ ಅರ್ಥವಿದೆ. ಹುಮನಾಬಾದ್ ರಿಂಗ್ ರೋಡ್ ದಾಟಿದೊಡನೆ ಸಿಗುವುದು ರಾಷ್ಟ್ರೀಯ ಹೆದ್ದಾರಿ. ಹಿಂದೆ ಇದರ ಸಂಖ್ಯೆ 218 ಇತ್ತು, ಈಗ 50. ಬೀದರ್ ಕಡೆಯಿಂದ ವಿಜಯಪುರದ ಕಡೆಗೆ ಹೋಗುವ ಲಾರಿಗಳಿಗೆ ಇದೇ ದಾರಿ. ಭಾರೀ ಲಾರಿಯೊಂದು ಮಾರು ದೂರದಲ್ಲಿ ವೇಗವಾಗಿ ಹಾದುಹೋದಾಗ ಅದು ತಳ್ಳಿದ ಗಾಳಿ ಮೊದಲು ಸೈಕಲ್ಲನ್ನು ಹೊರಕ್ಕೆ ನೂಕುತ್ತದೆ. ಲಾರಿ ದಾಟಿದ ಮರುಕ್ಷಣ ಅದರ ಪಕ್ಕದಲ್ಲೂ ಹಿಂದೆಯೂ ಗಾಳಿಯ ಒತ್ತಡ ಕಡಿಮೆಯಾಗಿ ಸೈಕಲ್ ಒಳಕ್ಕೆ ಎಳೆಯಲ್ಪಡುತ್ತದೆ. ನೂಕು ಮತ್ತು ಎಳೆತಗಳ ನಡುವೆ ಒಂದು ಸೆಕೆಂಡೂ ಇರುವುದಿಲ್ಲ. ಹದಿನೈದು ವರ್ಷದ ಮಕ್ಕಳನ್ನು ಆ ಅಂಚಿನಲ್ಲಿ ಮೂವತ್ತೈದು ಕಿ.ಮೀ. ಕಳಿಸಲು ಯಾವ ತಾಯಿ ಒಪ್ಪುತ್ತಾಳೆ?

ಆದರೆ ಹೆದ್ದಾರಿ ಇರುವ ದಾರಿಗಳಲ್ಲಿ ಒಂದು ಮಾತ್ರ. ಡಾಂಬರು ಬರುವ ಮೊದಲೂ ಜನ ಕಲಬುರಗಿಯಿಂದ ಕಮಲಾಪುರಕ್ಕೆ ಹೋಗುತ್ತಿದ್ದರು. ಹೊಲದಿಂದ ಹೊಲಕ್ಕೆ, ಊರಿಂದ ಊರಿಗೆ ಹಾಯುವ ಬಂಡಿದಾರಿಗಳು ಇನ್ನೂ ಇವೆ. ಪೂರ್ತಿಯಾಗಿ ಅಲ್ಲ, ತುಂಡು ತುಂಡಾಗಿ. ಹೊರದೇಶಗಳಲ್ಲಿ ಇಂಥ ದಾರಿಗಳನ್ನೇ ಹುಡುಕಿಕೊಂಡು ಸೈಕಲ್ ಓಡಿಸುವುದು ಈಗ ದೊಡ್ಡ ಹವ್ಯಾಸವಾಗಿದೆ. ಇದಕ್ಕೆ ಗ್ರಾವೆಲ್ ಬೈಕಿಂಗ್ ಎನ್ನುತ್ತಾರೆ. ಗ್ರಾವೆಲ್ ಎಂದರೆ ನಮ್ಮ ಗರಸು. ಕಲಬುರಗಿ ಕಡೆಯವರ ಬಾಯಲ್ಲಿ ಮುರುಮ್. ಅಮೆರಿಕದ ಕಾನ್ಸಾಸ್ ರಾಜ್ಯದ ಹುಲ್ಲುಗಾವಲಿನಲ್ಲಿ 2006ರಲ್ಲಿ ಆರಂಭವಾದ ಇಂಥ ಸ್ಪರ್ಧೆಯೊಂದು ಇಂದು ಜಗತ್ಪ್ರಸಿದ್ಧ. 2022ರಲ್ಲಿ ಇಟಲಿಯಲ್ಲಿ ಇದರ ಮೊದಲ ವಿಶ್ವ ಚಾಂಪಿಯನ್‌ಷಿಪ್ಪೇ ನಡೆಯಿತು.

ಸ್ಪರ್ಧೆಗಳಿಗಿಂತ ನನಗೆ ಹೆಚ್ಚು ಮುಖ್ಯವೆನಿಸುವುದು ಇಟಲಿಯ ಇನ್ನೊಂದು ಕಥೆ. ಅಲ್ಲಿನ ಟಸ್ಕನಿ ಪ್ರಾಂತದಲ್ಲಿ ದ್ರಾಕ್ಷಿ ತೋಟಗಳ ನಡುವೆ ಬಿಳಿ ಜಲ್ಲಿಯ ಹಳೆಯ ದಾರಿಗಳಿವೆ. ಒಂದೊಂದಾಗಿ ಅವು ಡಾಂಬರಿನಡಿ ಮರೆಯಾಗುತ್ತಿದ್ದವು. ಜಾಂಕಾರ್ಲೊ ಬ್ರೋಚಿ ಎಂಬುವರು 1997ರಲ್ಲಿ ಗಯೋಲೆ ಎಂಬ ಸಣ್ಣ ಊರಿನಿಂದ 'ಲೆರೋಯಿಕಾ' ಎಂಬ ಸೈಕಲ್ ಸವಾರಿಯನ್ನು ಏರ್ಪಡಿಸಿದರು. ಮೊದಲ ವರ್ಷ ಬಂದವರು ನೂರು ಮಂದಿಯೂ ಇರಲಿಲ್ಲ. ಹಳೆಯ ಕಾಲದ ಸೈಕಲ್ಲನ್ನೇ ತರಬೇಕೆಂಬ ಕಟ್ಟಳೆ ಬೇರೆ. ಬಹುಮಾನ ಗೆಲ್ಲುವುದು ಅಲ್ಲಿ ಉದ್ದೇಶವೇ ಆಗಿರಲಿಲ್ಲ. ಆ ಬಿಳಿ ದಾರಿಗಳ ಮೇಲೆ ಗಾಲಿಗಳು ಓಡುತ್ತಿರಬೇಕು, ಅವು ಬೇಕಾದ ದಾರಿಗಳೆಂದು ಸರಕಾರಕ್ಕೆ ಕಾಣಬೇಕು, ಅಷ್ಟೆ. ಇಂದು ಅಲ್ಲಿ ಸುಮಾರು 200 ಕಿ.ಮೀ. ಉದ್ದದ, ವರ್ಷವಿಡೀ ತೆರೆದಿರುವ, ಫಲಕಗಳನ್ನು ನೆಟ್ಟ ಮಾರ್ಗವಿದೆ. 2007ರಿಂದ ಅದೇ ದಾರಿಗಳಲ್ಲಿ ವೃತ್ತಿಪರರ ಪಂದ್ಯವೂ ನಡೆಯುತ್ತಿದೆ.

ಟಸ್ಕನಿಯ ದಾರಿ ಸುಣ್ಣಕಲ್ಲಿನ ಬಿಳುಪು. ನಮ್ಮದು ಏನು? ಇಲ್ಲಿ ಸ್ವಲ್ಪ ಭೂವಿಜ್ಞಾನ ಬೇಕಾಗುತ್ತದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ ಪ್ರದೇಶದಲ್ಲಿ ನೆಲ ಬಿರಿದು ಲಾವಾರಸ ಪದರ ಪದರವಾಗಿ ಹರಿದು ಹೆಪ್ಪುಗಟ್ಟಿತು. ಅದೇ ಕರಿಯ ಬಸಾಲ್ಟ್ ಶಿಲೆ. ಇದು ಬಿಸಿಲು ಮಳೆಗೆ ಸವೆದಾಗ ಎರಡು ವಸ್ತುಗಳಾಗುತ್ತವೆ. ಅರೆಬರೆ ಸವೆದರೆ ಗರಸು. ಪೂರ್ತಿ ಸವೆದು ನುಣ್ಣಗಾದರೆ ಎರೆಮಣ್ಣು. ಈ ಎರೆಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಖನಿಜದ ಕಣಗಳು ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಕೂತಿರುತ್ತವೆ. ಮಳೆ ಬಂದಾಗ ಹಾಳೆಗಳ ನಡುವೆ ನೀರು ಹೊಕ್ಕು ಮಣ್ಣು ಉಬ್ಬುತ್ತದೆ. ಬೇಸಿಗೆಯಲ್ಲಿ ನೀರು ಹೋಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ತೊಗರಿಗೂ ಹಿಂಗಾರಿ ಜೋಳಕ್ಕೂ ಈ ಗುಣವೇ ವರ. ಸೈಕಲ್ಲಿಗೆ ಮಾತ್ರ ಶಾಪ. ಒದ್ದೆ ಎರೆಯಲ್ಲಿ ಹತ್ತು ಮಾರು ಹೋದರೆ ಸಾಕು, ಮಣ್ಣು ಟೈರಿಗೆ ಸುತ್ತಿ, ಮಡ್‌ಗಾರ್ಡಿನೊಳಗೆ ತುಂಬಿ, ಗಾಲಿ ತಿರುಗದೆ ನಿಲ್ಲುತ್ತದೆ. ಆಮೇಲೆ ಸೈಕಲ್ಲನ್ನು ನೀವು ಹೊರಬೇಕು.

ಹಾಗಾದರೆ ದಾರಿ ಆರಿಸುವುದು ಹೇಗೆ? ನೆಲದ ಎತ್ತರ ನೋಡಿ. ಮಳೆನೀರು ಸಣ್ಣ ಕಣಗಳನ್ನೆಲ್ಲ ಕೆಳಗೆ ತೊಳೆದೊಯ್ಯುವುದರಿಂದ ದಿಬ್ಬಗಳ ಮೇಲೆ ಮಣ್ಣಿನ ಪದರ ತೆಳುವಾಗಿ ಗರಸು ಮೇಲೆದ್ದಿರುತ್ತದೆ. ಹಳ್ಳದ ಬದಿಯ ತಗ್ಗಿನಲ್ಲಿ ಎರೆ ಆಳವಾಗಿ ಕೂತಿರುತ್ತದೆ. ಎತ್ತಿನ ಬಂಡಿ ಹೊಡೆಯುತ್ತಿದ್ದ ನಮ್ಮ ಹಿರಿಯರು ಇದನ್ನು ಯಾವ ಪಠ್ಯಪುಸ್ತಕದಿಂದಲೂ ಕಲಿಯಬೇಕಾಗಿರಲಿಲ್ಲ. ಹಳೆಯ ಬಂಡಿದಾರಿ ನೆಟ್ಟಗೆ ಹೋಗದೆ ದಿಬ್ಬದಿಂದ ದಿಬ್ಬಕ್ಕೆ ಬಳಸುತ್ತಾ ಹೋಗಿದ್ದರೆ ಅದಕ್ಕೆ ಕಾರಣ ಇದೇ ಇರಬೇಕು. ಆ ಬಳಸನ್ನು ನೀವೂ ನಂಬಿ. ಅಡ್ಡದಾರಿ ಹಿಡಿದು ಹೊಲದೊಳಗೆ ಇಳಿಯಬೇಡಿ.

ಈಗ ಸೈಕಲ್ಲಿನ ಮಾತು. ಅಂಗಡಿಗಳಲ್ಲಿ ಗ್ರಾವೆಲ್ ಬೈಕ್ ಎಂದು ಮಾರುವ ಸೈಕಲ್ಲಿನ ಬೆಲೆ ಕೇಳಿದರೆ ನಿಮ್ಮ ತಂದೆಯವರು ಕುರ್ಚಿ ಹುಡುಕುತ್ತಾರೆ. ಅದರ ಅವಶ್ಯಕತೆಯಿಲ್ಲ. ಆ ಸೈಕಲ್ಲಿನ ಮುಖ್ಯ ಲಕ್ಷಣ ಅಗಲವಾದ ಟೈರು, ಸಾಮಾನ್ಯವಾಗಿ 38ರಿಂದ 45 ಮಿ.ಮೀ. ಹಾಲು ಹಾಕುವವರ ಕರಿಯ ಸೈಕಲ್ಲಿನ ಟೈರನ್ನು ಅಳೆದು ನೋಡಿ: 28 ಇಂಚು ಗಾಲಿ, ಒಂದೂವರೆ ಇಂಚು ಟೈರು, ಅಂದರೆ ಸುಮಾರು 40 ಮಿ.ಮೀ.! ನಮ್ಮ ರಾಜ್ಯ ಸರಕಾರ 2006-07ರಿಂದ ಹಲವು ವರ್ಷ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಹಂಚಿದ ಸೈಕಲ್ಲುಗಳು ಎಷ್ಟೋ ಮನೆಗಳ ಹಿತ್ತಿಲಲ್ಲಿ ಚೈನು ತುಕ್ಕು ಹಿಡಿದು ನಿಂತಿವೆ. ಅವುಗಳಿಗೆ ಎಣ್ಣೆ ಬಿಟ್ಟು, ಬ್ರೇಕಿನ ರಬ್ಬರು ಬದಲಿಸಿದರೆ ಗರಸು ದಾರಿಗೆ ಧಾರಾಳವಾಗಿ ಸಾಕು. ಒಂದೇ ಗೇರು ಇರುವುದರಿಂದ ಏರಿನಲ್ಲಿ ಇಳಿದು ನಡೆಯಬೇಕಾದೀತು. ಉಕ್ಕಿನ ರಿಮ್ಮು ನೀರಿನಲ್ಲಿ ನೆನೆದರೆ ಬ್ರೇಕು ಸರಿಯಾಗಿ ಹಿಡಿಯುವುದಿಲ್ಲ ಎಂಬುದೂ ನೆನಪಿರಲಿ.

ಒಂದು ಸಣ್ಣ ಲೆಕ್ಕ ಮಾಡೋಣ. ಸವಾರ ಮತ್ತು ಸೈಕಲ್ ಸೇರಿ 80 ಕೆ.ಜಿ. ಎಂದುಕೊಳ್ಳಿ, ಒಂದು ಗಾಲಿಗೆ ಹೆಚ್ಚುಕಡಿಮೆ 40 ಕೆ.ಜಿ. ಟೈರಿನೊಳಗೆ ಚದರ ಸೆಂಟಿಮೀಟರಿಗೆ 5 ಕೆ.ಜಿ. ಒತ್ತಡದ ಗಾಳಿ ಇದ್ದರೆ ಟೈರು ನೆಲವನ್ನು ಮುಟ್ಟುವ ಜಾಗ ಸುಮಾರು 8 ಚದರ ಸೆಂ.ಮೀ. ಗಾಳಿಯನ್ನು ಅರ್ಧಕ್ಕೆ ಇಳಿಸಿದರೆ ಜಾಗ 16 ಚದರ ಸೆಂ.ಮೀ. ಆಗುತ್ತದೆ. ಹಿಡಿತ ಹೆಚ್ಚುತ್ತದೆ; ಸಣ್ಣ ಕಲ್ಲುಗಳ ಮೇಲೆ ಇಡೀ ಸೈಕಲ್ ಜಿಗಿಯುವ ಬದಲು ಟೈರೇ ಆ ಕಲ್ಲನ್ನು ನುಂಗಿಕೊಳ್ಳುತ್ತದೆ. ಪಂಕ್ಚರ್ ಅಂಗಡಿಯವರು ಟೈರನ್ನು ಕಲ್ಲಿನಂತೆ ಬಿಗಿ ಮಾಡಿ ಕೊಡುವುದು ವಾಡಿಕೆ. ಡಾಂಬರಿಗೆ ಅದು ಸರಿ. ಗರಸಿಗೆ ತುಸು ಮೆತ್ತಗಿರಲಿ. ತೀರ ಮೆತ್ತಗಾದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ಹಾವು ಕಚ್ಚಿದಂತೆ ಎರಡು ತೂತು ಬೀಳುತ್ತವೆ. ನಮ್ಮ ಕಡೆಯ ದೊಡ್ಡ ಶತ್ರು ಕಲ್ಲಲ್ಲ, ಜಾಲಿ ಮುಳ್ಳು ಮತ್ತು ನೆಗ್ಗಿಲು ಮುಳ್ಳು. ಪಂಪು, ಪ್ಯಾಚು, ಸೊಲ್ಯೂಷನ್ ಇಲ್ಲದೆ ಗಾಜಿಪುರ ಬಿಡಬೇಡಿ.

ದಾರಿಯಲ್ಲಿ ಏನು ಸಿಗುತ್ತದೆ? ಮಹಾಗಾಂವ ದಾಟಿದ ಮೇಲೆ ಕುರಿಕೋಟಾದ ಬಳಿ ಬೆಣ್ಣೆತೊರೆ ಎದುರಾಗುತ್ತದೆ. ಇದು ಕಾಗಿಣಾ ನದಿಗೆ, ಕಾಗಿಣಾ ಭೀಮೆಗೆ, ಭೀಮೆ ಕೃಷ್ಣೆಗೆ ಸೇರುತ್ತವೆ. ಕುರಿಕೋಟಾದಲ್ಲಿ ಹೆದ್ದಾರಿಯ ಸೇತುವೆಯನ್ನೇ ದಾಟಬೇಕು; ಇಳಿದು, ಸೈಕಲ್ ತಳ್ಳಿಕೊಂಡು, ಅಂಚಿನಲ್ಲಿ ದಾಟಿ. ಮುಂದೆ ನೆಲದ ಬಣ್ಣ ಬದಲಾಗುತ್ತದೆ. ಕಪ್ಪು ಮುಗಿದು ಕೆಂಪು ಶುರುವಾಗುತ್ತದೆ. ಬಸಾಲ್ಟ್ ಬಹುಕಾಲ ಮಳೆಗೆ ತೊಳೆದು ಕಬ್ಬಿಣ, ಅಲ್ಯೂಮಿನಿಯಂ ಅಂಶಗಳಷ್ಟೇ ಉಳಿದಾಗ ಆಗುವ ಜಂಬಿಟ್ಟಿಗೆಯ ಮಣ್ಣು ಇದು. ಈ ಮಣ್ಣು ಉಬ್ಬುವುದಿಲ್ಲ, ನೀರು ಬೇಗ ಇಂಗುತ್ತದೆ, ಗಾಲಿ ಸಲೀಸಾಗಿ ಓಡುತ್ತದೆ. ಕಮಲಾಪುರದ ಹೆಸರಾಂತ ಕೆಂಪು ಬಾಳೆ ಬೆಳೆಯುವುದು ಇಲ್ಲೇ. ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಹಣ್ಣು. ಮಣ್ಣು ಕೆಂಪಾದ್ದರಿಂದ ಹಣ್ಣೂ ಕೆಂಪು ಎಂದು ಕೆಲವರು ಹೇಳುವುದುಂಟು, ಹಾಗಲ್ಲ. ಸಿಪ್ಪೆಯ ಬಣ್ಣ ಆ ತಳಿಯ ಗುಣ. ಮಣ್ಣಿನಿಂದ ಬರುವುದು ಬೆಳವಣಿಗೆ ಮತ್ತು ರುಚಿ. ದ್ರಾಕ್ಷಿ ತೋಟದ ನಡುವೆಯೇ ಸೈಕಲ್ ಓಡಿಸಬೇಕೆಂಬ ಆಸೆಯಿದ್ದವರು ವಿಜಯಪುರದ ತಿಕೋಟಾ ಕಡೆಗೆ ಹೋಗಬೇಕು. ರಾಜ್ಯದ ಅನೇಕ ಒಳ್ಳೆಯ ಸೈಕಲ್ ಪಟುಗಳು ಬಂದಿರುವುದೂ ವಿಜಯಪುರ, ಬಾಗಲಕೋಟೆಗಳಿಂದಲೇ.

ಕಮಲಾಪುರದಾಚೆ ಮರಗುತ್ತಿಯ ಕಡೆ ಗುಡ್ಡಗಳು ಆರಂಭ. 2017ರಲ್ಲಿ ಉದ್ಘಾಟನೆಯಾದ ಬೀದರ್-ಕಲಬುರಗಿ ರೈಲು ಈ ಗುಡ್ಡವನ್ನು ಸುರಂಗದಲ್ಲಿ ದಾಟುತ್ತದೆ. ಸೈಕಲ್ ಸವಾರ ಮೇಲೆಯೇ ಏರಬೇಕು. ಕಾಡು ಬೇಕೆನ್ನುವವರಿಗೆ ಪೂರ್ವಕ್ಕೆ ಚಿಂಚೋಳಿ ಇದೆ. ಚಂದ್ರಂಪಳ್ಳಿ ಜಲಾಶಯದ ಸುತ್ತಲಿನ ಈ ಕಾಡನ್ನು 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಿಸಲಾಯಿತು. ತೋಳ, ಕತ್ತೆಕಿರುಬ, ಕೃಷ್ಣಮೃಗಗಳ ನಾಡು ಅದು. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಧಾಮದೊಳಗೆ ಹೋಗುವಂತಿಲ್ಲ. ಅಂಚಿನ ತಾಂಡಾಗಳ ದಾರಿಯಲ್ಲಿ ಹೋದರೂ ಕಾಡಿನ ತಂಪು ಸಿಕ್ಕೇ ಸಿಗುತ್ತದೆ.

ನನ್ನ ವೃತ್ತಿಯ ಒಂದು ಮಾತು ಇಲ್ಲಿ ಸೇರಿಸಬಹುದು. ಹಳ್ಳಿಯ ಚಿತ್ರೀಕರಣದಲ್ಲಿ ನಮಗೆ ಅತಿ ಕಷ್ಟವಾಗುವುದು ಚಿತ್ರವಲ್ಲ, ಶಬ್ದ. ಹೆದ್ದಾರಿಯಿಂದ ಒಂದೆರಡು ಕಿ.ಮೀ. ಒಳಗೆ ಬಂದರೂ ಮೈಕಿನಲ್ಲಿ ಲಾರಿಯ ಹಾರ್ನ್ ಕೇಳುತ್ತಲೇ ಇರುತ್ತದೆ. ಗರಸು ಕರಕರ ಎನ್ನುವ ಸದ್ದು ನಿಮ್ಮ ಕಿವಿಗೆ ಸ್ಪಷ್ಟವಾಗಿ ಬೀಳತೊಡಗಿದರೆ ನೀವು ಸರಿಯಾದ ದಾರಿಗೆ ಬಂದಿದ್ದೀರಿ ಎಂದೇ ತಿಳಿಯಿರಿ.

ಆದರೆ ಈ ದಾರಿಗಳು ಎಷ್ಟು ದಿನ ಇರುತ್ತವೆ? ಎತ್ತಿನ ಬಂಡಿಗಳು ಕಡಿಮೆಯಾದ ಮೇಲೆ ಎಷ್ಟೋ ದಾರಿಗಳಲ್ಲಿ ಗಾಲಿ ಓಡುವುದೇ ನಿಂತಿದೆ. ಗಾಲಿ ನಿಂತ ದಾರಿಯಲ್ಲಿ ಮೊದಲು ಜಾಲಿ ಬರುತ್ತದೆ, ನಂತರ ಟ್ರ್ಯಾಕ್ಟರಿನ ನೇಗಿಲು ವರ್ಷಕ್ಕೆ ಒಂದು ಗೇಣು ಒತ್ತಿಕೊಳ್ಳುತ್ತದೆ. ಎರಡು ಹೊಲಗಳವರ ನಡುವೆ ಜಗಳವಾಗಿ ಮುಳ್ಳುಬೇಲಿ ಬಿದ್ದರೆ ಅದರ ಆಚೆ ಹೊಲವಿದ್ದವರು ಕಟಾವಿನ ರಾಶಿಯನ್ನು ತಲೆಯ ಮೇಲೆ ಹೊತ್ತು ತರಬೇಕಾಗುತ್ತದೆ. ಸೈಕಲ್ ಸವಾರಿ ನಮಗೆ ಹವ್ಯಾಸ. ಅವರಿಗೆ ಆ ದಾರಿ ಹೊಟ್ಟೆಪಾಡು. ಹಾಗೆಯೇ ಮಳೆಗಾಲದ ರಾತ್ರಿ ಹೆರಿಗೆಯ ನೋವು ತಿನ್ನುವ ಹೆಣ್ಣುಮಗಳನ್ನು ಎರೆಯ ಕೆಸರಿನಲ್ಲಿ ಸಾಗಿಸಬೇಕಾದ ಊರಿನವರು ಡಾಂಬರು ಕೇಳಿದರೆ, ಗರಸೇ ಚೆಂದ ಎಂದು ಹೇಳುವ ಅಧಿಕಾರ ನಮಗಿಲ್ಲ. ಊರಿಗೆ ಹೋಗುವ ದಾರಿಗೆ ಡಾಂಬರು ಬರಲಿ. ಹೊಲಕ್ಕೆ ಹೋಗುವ ದಾರಿಗೆ ಗರಸು ಸಾಕು. ಉದ್ಯೋಗ ಖಾತರಿಯಡಿ ಕೈಗೊಂಡ 'ನಮ್ಮ ಹೊಲ ನಮ್ಮ ದಾರಿ' ಕಾಮಗಾರಿಗಳಲ್ಲಿ ಹೊಲದ ದಾರಿಗಳಿಗೆ ಗರಸು ಹಾಸಿದ್ದು ರೈತರಿಗಾಗಿ. ಸೈಕಲ್ಲಿಗೂ ಅದು ತಾನಾಗಿ ಒದಗಿಬಂತು.

ಪ್ರತಿ ಹಳ್ಳಿಗೂ ಭೂಮಾಪನ ಇಲಾಖೆಯ ಗ್ರಾಮ ನಕಾಶೆ ಇದೆ. ಇಲಾಖೆಯ ಜಾಲತಾಣದಲ್ಲಿ ನೀವೇ ನೋಡಬಹುದು. ಜೋಡಿ ತುಂಡುಗೆರೆ ಬಂಡಿದಾರಿ, ಒಂಟಿ ತುಂಡುಗೆರೆ ಕಾಲುದಾರಿ. ನಕಾಶೆ ಕಂಡ ದಾರಿಯನ್ನು ಯಾರೂ ಮುಚ್ಚುವಂತಿಲ್ಲ; ಮುಚ್ಚಿದರೆ ತೊಂದರೆಗೊಳಗಾದವರು ತಹಶೀಲ್ದಾರರಿಗೆ ಅರ್ಜಿ ಕೊಡಬಹುದು. ಕಮಲಾಪುರ ಈಗ ಪ್ರತ್ಯೇಕ ತಾಲ್ಲೂಕಾದ್ದರಿಂದ ಆ ಕಚೇರಿಯೂ ಹತ್ತಿರ. ಭೂಗೋಳ ಓದುವ ನಾಲ್ಕು ಜನ ಸೇರಿ ಒಂದು ಹಳ್ಳಿಯ ನಕಾಶೆ ಹಿಡಿದು, ಗೆರೆಯ ದಾರಿಯಲ್ಲಿ ಎಷ್ಟು ನೆಲದ ಮೇಲೆ ಉಳಿದಿದೆ, ಎಲ್ಲಿ ತುಂಡಾಗಿದೆ ಎಂದು ಸೈಕಲ್ ಮೇಲೆ ಸುತ್ತಿ ಗುರುತು ಹಾಕಿದರೆ ಎರಡು ಭಾನುವಾರದ ಕೆಲಸ. ಗ್ರಾಮ ಪಂಚಾಯಿತಿಗೆ ಅದರ ಒಂದು ಪ್ರತಿ ಕೊಡಿ. ನಕಾಶೆಯಲ್ಲಿ ಇಲ್ಲದ ದಾರಿ ಸಿಕ್ಕರೆ ಅದು ಯಾರದೋ ಸ್ವಂತ ಹೊಲ. 'ಕಾಕಾ, ಈ ಕಡಿಂದ ಹೋಗಬಹುದೇನ್ರಿ?' ಎಂದು ಕೇಳಿ. ಬೇಡವೆಂದವರನ್ನು ನಾನು ಹೆಚ್ಚು ಕಂಡಿಲ್ಲ. ನೀರು ಕುಡಿದು ಹೋಗಿ ಎಂದವರೇ ಬಹಳ.

ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಮಳೆಗಾಲದಲ್ಲಿ ಎರೆ ಬಿಡುವುದಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಒಬ್ಬರೇ ಹೋಗಬೇಡಿ, ತಲೆಗೆ ಹೆಲ್ಮೆಟ್ ಇರಲಿ, ಹೊರಡುವ ದಾರಿಯನ್ನು ಮನೆಯಲ್ಲಿ ಬರೆದಿಟ್ಟು ಹೊರಡಿ. ಡಿಸೆಂಬರಿನಲ್ಲಿ ಆರು ಗಂಟೆಗೆ ಕತ್ತಲಾಗುವುದರಿಂದ ಮಧ್ಯಾಹ್ನ ಒಂದಕ್ಕೆಲ್ಲ ಕಮಲಾಪುರದಿಂದ ಮರಳಿ ಹೊರಡಬೇಕು. ಮನೆಗೆ ಕೆಂಪು ಬಾಳೆ ಕೊಂಡರೆ ಹಿಂದಿನ ಕ್ಯಾರಿಯರಿಗೆ ಕಟ್ಟಬೇಡಿ, ಗರಸಿನ ಕುಲುಕಿಗೆ ಗಾಜಿಪುರ ಮುಟ್ಟುವಷ್ಟರಲ್ಲಿ ಹಣ್ಣು ಜಜ್ಜಿಹೋಗಿರುತ್ತದೆ. ಬಟ್ಟೆಯ ಚೀಲದಲ್ಲಿ ಹಾಕಿ ಬೆನ್ನಿಗೆ ಏರಿಸಿಕೊಳ್ಳಿ.