ಬೇಸಿಗೆಯ ಹತ್ತು ವಾರಗಳು



ಇಂಜಿನಿಯರಿಂಗ್ ಓದುವ ಮಗನೋ ಮಗಳೋ ಬೇಸಿಗೆಯಲ್ಲಿ ಸಂಶೋಧನಾ ಯೋಜನೆಯೊಂದಕ್ಕೆ ಸೇರಿದರೆ ನಾವು ಕೇಳುವ ಪ್ರಶ್ನೆಗಳು ಎರಡು: ಪ್ರಮಾಣಪತ್ರ ಕೊಡುತ್ತಾರೆಯೆ? ಮುಂದಿನ ಓದಿಗೆ ಸೀಟು ಸಿಗಲು ಅದು ನೆರವಾಗುತ್ತದೆಯೆ? ಅಂಕಪಟ್ಟಿಯನ್ನೇ ನೆಚ್ಚಿ ಕಡಲು ದಾಟಿದ ಪೀಳಿಗೆಗೆ ಇವು ಸಹಜವಾದ ಪ್ರಶ್ನೆಗಳೇ. ಆದರೆ ಇವೆರಡಕ್ಕೂ ನಿಲುಕದ ಮೂರನೆಯ ಪ್ರಯೋಜನವೊಂದುಂಟು. ಅದನ್ನು ನಾವು ನೆಲೆಸಿರುವ ಈ ನಾಡಿನ ಉದಾಹರಣೆಯಿಂದಲೇ ನೋಡೋಣ.

ನೆದರ್ಲೆಂಡ್ಸಿನ ಈಶಾನ್ಯದ ಡ್ರೆಂಥ ಪ್ರಾಂತದಲ್ಲಿ ಡ್ವಿಂಗೆಲೋ ಎಂಬ ಹಳ್ಳಿಯಿದೆ. ಅದರ ಬಳಿ 1956ರಲ್ಲಿ ಉದ್ಘಾಟನೆಗೊಂಡ 25 ಮೀಟರ್ ವ್ಯಾಸದ ರೇಡಿಯೋ ದೂರದರ್ಶಕವು ಆಗ ಜಗತ್ತಿನಲ್ಲೇ ಅತಿ ದೊಡ್ಡದಾಗಿತ್ತು. ಅದರ ಪಕ್ಕದಲ್ಲೇ ಇರುವ ಆಸ್ಟ್ರಾನ್ ಮತ್ತು ಜೈವ್ ಸಂಸ್ಥೆಗಳು ನಾನಾ ದೇಶಗಳ ವಿದ್ಯಾರ್ಥಿಗಳನ್ನು ಬೇಸಿಗೆಯ ಹತ್ತು-ಹನ್ನೆರಡು ವಾರಗಳ ಸಂಶೋಧನೆಗೆ ಕರೆಸಿಕೊಳ್ಳುತ್ತ ಬಂದಿವೆ. ಖಗೋಳವನ್ನು ಓದುವವರಿಗಷ್ಟೇ ಅಲ್ಲ, ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೂ ಅಲ್ಲಿ ಅವಕಾಶವಿದೆ.

ನಕ್ಷತ್ರ ನೋಡುವಲ್ಲಿ ಇಂಜಿನಿಯರಿಗೇನು ಕೆಲಸ? ಆಸ್ಟ್ರಾನ್ ನಿರ್ಮಿಸಿದ, 2010ರಲ್ಲಿ ರಾಣಿ ಬಿಯಾಟ್ರಿಕ್ಸ್ ಉದ್ಘಾಟಿಸಿದ 'ಲೋಫಾರ್' ಇದಕ್ಕೆ ಉತ್ತರ. ಇದರಲ್ಲಿ ತಿರುಗುವ ಬೋಗುಣಿಯಿಲ್ಲ. ನೆಲಕ್ಕಂಟಿ ನಿಂತ ಸಾವಿರಾರು ಸರಳ ಆಂಟೆನಾಗಳಿವೆ. ಆಕಾಶದಿಂದ ಬಂದ ಅಲೆ ಒಂದು ಆಂಟೆನಾವನ್ನು ಮುಟ್ಟಿದ ಕ್ಷಣಕ್ಕೂ ಇನ್ನೊಂದನ್ನು ಮುಟ್ಟಿದ ಕ್ಷಣಕ್ಕೂ ಇರುವ ಅಂತರವನ್ನು ಲೆಕ್ಕದಿಂದ ಸರಿಪಡಿಸಿ, ಬೇಕಾದ ದಿಕ್ಕನ್ನು ಕಂಪ್ಯೂಟರು ಆರಿಸಿಕೊಳ್ಳುತ್ತದೆ. ಎಫ್.ಎಂ. ಬಾನುಲಿಯ ಗದ್ದಲವಿರುವ ಕಂಪನಾಂಕಗಳನ್ನು ಅದು ಬಿಟ್ಟೇ ಕೇಳಬೇಕು. ಇದೆಲ್ಲವೂ ಇಂಜಿನಿಯರರ ಕೆಲಸ. ಕನ್ನಡಿಗರಿಗೆ ಈ ವಿದ್ಯೆ ಹೊಸದೂ ಅಲ್ಲ. ನಮ್ಮ ಗೌರಿಬಿದನೂರಿನಲ್ಲಿ 1970ರ ದಶಕದಲ್ಲೇ 1000 ಡೈಪೋಲ್ ಆಂಟೆನಾಗಳನ್ನು 'ಟಿ' ಅಕ್ಷರದ ಆಕಾರದಲ್ಲಿ ಹೂಡಿ, 34.5 ಮೆಗಾಹರ್ಟ್ಸ್ ಕಂಪನಾಂಕದಲ್ಲಿ ಆಕಾಶವನ್ನು ಆಲಿಸಿದ್ದರು.

ಇಷ್ಟು ದೊಡ್ಡ ಕಾರ್ಯದಲ್ಲಿ ವಿದ್ಯಾರ್ಥಿಯ ಪಾಲಿಗೆ ಬರುವುದು ಚಿಕ್ಕದೊಂದು ತುಣುಕು. ಆದರೆ ಪರೀಕ್ಷೆಯ ಪ್ರಶ್ನೆಗೆ ಉತ್ತರ ಮೊದಲೇ ಸಿದ್ಧವಿರುತ್ತದೆ. ಈ ತುಣುಕಿಗೆ ಉತ್ತರ ಮಾರ್ಗದರ್ಶಕರಿಗೂ ತಿಳಿದಿರುವುದಿಲ್ಲ. ಹತ್ತು ವಾರ ದುಡಿದ ಮೇಲೆ 'ಈ ದಾರಿ ಮುಂದೆ ಹೋಗುವುದಿಲ್ಲ' ಎಂಬುದಷ್ಟೇ ಗೊತ್ತಾಗಬಹುದು. ಅದೂ ಫಲವೇ. ಮುಂದೆ ಬರುವವರು ಆ ದಾರಿಯಲ್ಲಿ ಅಲೆಯಬೇಕಾಗಿಲ್ಲ.

ನಾವು ಎಚ್ಚರ ವಹಿಸಬೇಕಾದದ್ದು ಇಲ್ಲಿಯೇ. ಮನೆಯವರು ಗೆಲುವನ್ನಷ್ಟೇ ಕೇಳಿದರೆ ಮಕ್ಕಳು ಸೋಲನ್ನು ಮುಚ್ಚಿಡುವುದನ್ನು ಕಲಿಯುತ್ತಾರೆ. ಇಪ್ಪತ್ತರ ವಯಸ್ಸಿನಲ್ಲಿ ಅಂಕಿ-ಅಂಶಗಳಿಗೆ ಬಣ್ಣ ಬಳಿಯಲು ಕಲಿತವರೇ ನಲವತ್ತರಲ್ಲಿ ಸೇತುವೆಗೆ ಸಹಿ ಹಾಕುವವರು. ಕಂಡದ್ದನ್ನು ಕಂಡಂತೆ ಬರೆಯುವ ಅಭ್ಯಾಸವೇ ನಾವು ಹೇಳಿದ ಆ ಮೂರನೆಯ ಪ್ರಯೋಜನ.

'ನಮ್ಮ ಹುಡುಗನನ್ನೂ ಅಲ್ಲಿಗೆ ಕರೆಸಿಕೊಳ್ಳಿ' ಎಂದು ಊರಿನಿಂದ ಕೇಳುವ ಬಂಧುಗಳಿಗೂ ಇದನ್ನೇ ಹೇಳೋಣ. ಈ ಶಿಕ್ಷಣಕ್ಕೆ ವಿಮಾನ ಹತ್ತಲೇಬೇಕೆಂದಿಲ್ಲ. ಸಿ.ವಿ. ರಾಮನ್ನರು 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ವಿಜ್ಞಾನ ಅಕಾಡೆಮಿಯು ದೇಶದ ಇನ್ನೆರಡು ಅಕಾಡೆಮಿಗಳೊಡನೆ ಸೇರಿ ಭಾರತದ ವಿದ್ಯಾರ್ಥಿಗಳಿಗಾಗಿ ಎರಡು ತಿಂಗಳ ಬೇಸಿಗೆ ಸಂಶೋಧನಾ ಫೆಲೋಶಿಪ್ ನಡೆಸುತ್ತ ಬಂದಿದೆ.

ಇಲ್ಲಿಗೇ ಬಂದ ಮಕ್ಕಳನ್ನು ಒಂದು ಭಾನುವಾರ ಊಟಕ್ಕೆ ಕರೆಯೋಣ. ಬಿಸಿ ಅನ್ನ, ಸಾರು ಬಡಿಸಿ, 'ಈ ವಾರ ಏನು ಸಾಧಿಸಿದೆ?' ಎನ್ನುವ ಬದಲು, 'ಯಾವುದು ಇನ್ನೂ ಬಗೆಹರಿದಿಲ್ಲ?' ಎಂದು ಕೇಳೋಣ. ಆಮೇಲೆ ತಾಳ್ಮೆಯಿಂದ ಆಲಿಸೋಣ.