ಬಾಣಂತಿಯ ಸೂತಕ ಮತ್ತು ಒಂದು ವೈರಾಣು

(ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಜಾತಿ, ಜನನ, ಮರಣ, ರಜಸ್ಸು, ಎಂಜಲು ಎಂಬ ಐದು ಸೂತಕಗಳು ಇಷ್ಟಲಿಂಗ ಧರಿಸಿದವರಿಗೆ ಇಲ್ಲವೆಂದು ಪ್ರತಿ ಗೋಷ್ಠಿಯಲ್ಲೂ ಹೇಳುತ್ತೇವೆ. ಮನೆಗೆ ಹೋದರೆ? ಸೊಸೆ ಹೆತ್ತರೆ ಹನ್ನೊಂದು ದಿನ ಪೂಜೆಯ ಕೋಣೆಗೆ ಬಿಡದವರು ನಮ್ಮಲ್ಲೂ ಇದ್ದಾರೆ. ಕೊರಳ ಲಿಂಗವನ್ನೇ ತೆಗೆದಿಡು ಎನ್ನುವವರೂ ಇದ್ದಾರೆ. ಕೇಳಿದರೆ ಈಗ ಹೊಸ ಉತ್ತರ: "ಇದು ಮಡಿ ಅಲ್ರೀ, ಸೈನ್ಸು. ವೈರಸ್ಸು, ಬ್ಯಾಕ್ಟೀರಿಯಾ ಇರ್ತಾವಲ್ಲ!" ಕೊರೊನಾ ಬಂದು ಹೋದ ಮೇಲಂತೂ ಈ ಮಾತಿಗೆ ಬಲ ಬಂದಿದೆ. ಆಗಲಿ, ವಿಜ್ಞಾನವನ್ನೇ ಕೇಳೋಣ.

ಮಗುವಿನ ಹಿಂದೆ ಬೀಳುವ ಮಾಸು ಗೊತ್ತಲ್ಲ? ಹಸು ಎಮ್ಮೆಗಳಿಗಾದರೆ ಕಸ ಎನ್ನುತ್ತೇವೆ. ಒಂಬತ್ತು ತಿಂಗಳು ತಾಯಿಯ ರಕ್ತದಿಂದ ಆಹಾರವನ್ನೂ ಆಮ್ಲಜನಕವನ್ನೂ ಮಗುವಿಗೆ ದಾಟಿಸುವುದು ಈ ಕಸವೇ. ಅದರ ಹೊರಪದರದಲ್ಲಿ ಜೀವಕೋಶಗಳು ಬಿಡಿಬಿಡಿಯಾಗಿಲ್ಲ, ನಡುವಿನ ಗೋಡೆ ಕರಗಿ ಒಂದೇ ಹಾಳೆಯಂತೆ ಬೆಸೆದುಕೊಂಡಿವೆ. ಬೆಸೆಯುವುದು ಸಿನ್ಸಿಟಿನ್ ಎಂಬ ಪ್ರೋಟೀನು. ಇದರ ಜೀನ್ ಮೂಲತಃ ವೈರಾಣುವೊಂದರ ಹೊರಕವಚದ್ದು ಎಂದು 2000ದಲ್ಲಿ ವಿಜ್ಞಾನಿಗಳು ತೋರಿಸಿದರು. ಕೋಟ್ಯಂತರ ವರ್ಷಗಳ ಹಿಂದೆ, ಮನುಷ್ಯ ಮನುಷ್ಯನಾಗುವ ಮೊದಲೇ, ಆ ವೈರಾಣು ನಮ್ಮ ಪೂರ್ವಜರ ಬೀಜಕೋಶ ಹೊಕ್ಕು ಅಲ್ಲೇ ಉಳಿಯಿತು. ಜೀವಕೋಶಕ್ಕೆ ಅಂಟಿ ಒಳನುಗ್ಗಲು ಅದು ಬಳಸುತ್ತಿದ್ದ ಉಪಾಯವನ್ನೇ ಗರ್ಭ ಬೆಸೆಯಲು ಬಳಸಿಕೊಂಡಿತು. ಇಲಿಗಳಲ್ಲಿ ಬೇರೊಂದು ವೈರಾಣುವಿನ ಜೀನ್ ಇದೇ ಕೆಲಸ ಮಾಡುತ್ತದೆ. 2009ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಅದನ್ನು ತೆಗೆದು ನೋಡಿದರು. ಮರಿಗಳು ಗರ್ಭದಲ್ಲೇ ಸತ್ತವು. ನಮ್ಮ ಡಿಎನ್‌ಎಯಲ್ಲಿ ಶೇಕಡ 8ರಷ್ಟು ಇಂಥ ವೈರಾಣುಗಳ ಅವಶೇಷ. ಇದನ್ನು ತೊಳೆಯುವ ಮಡಿ ಯಾವುದು?

ಎದೆಹಾಲಿನ ಕಥೆಯೂ ಹೀಗೆಯೇ. ಅದರಲ್ಲಿ ಮಗು ಜೀರ್ಣಿಸಿಕೊಳ್ಳಲಾರದ ಸಕ್ಕರೆಗಳು ಹೇರಳವಾಗಿವೆ. ಅವು ಮಗುವಿನ ಕರುಳಿನ ಬೈಫಿಡೊ ಬ್ಯಾಕ್ಟೀರಿಯಾಗಳ ದಾಸೋಹಕ್ಕೆ! ಅವು ಬೆಳೆದರೆ ಕೆಟ್ಟ ಸೂಕ್ಷ್ಮಜೀವಿಗಳಿಗೆ ಜಾಗ ಸಿಗದು. ಮೊದಲ ಹಳದಿ ಹಾಲನ್ನು ಮೈಲಿಗೆಯೆಂದು ಹಿಂಡಿ ಚೆಲ್ಲಿಸುವ ಹಿರಿಯರು ಇದನ್ನು ಗಮನಿಸಬೇಕು. ರೋಗ ತಡೆಯುವ ಶಕ್ತಿ ಅದರಲ್ಲೇ ಹೆಚ್ಚು.

ಹಾಗೆಂದು ಸೂಕ್ಷ್ಮಜೀವಿಗಳೆಲ್ಲ ಒಳ್ಳೆಯವು ಎನ್ನುತ್ತಿಲ್ಲ. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಬಾಣಂತಿಯರು ಜ್ವರದಿಂದ ಸಾಲುಸಾಲಾಗಿ ಸಾಯುತ್ತಿದ್ದರು. ಹೆಣ ಕೊಯ್ದ ಕೈಯಲ್ಲೇ ವೈದ್ಯರು ಹೆರಿಗೆಗೆ ಬರುತ್ತಿದ್ದಾರೆಂದು ಸೆಮ್ಮೆಲ್ವೈಸ್ ಕಂಡುಕೊಂಡ. ಕ್ಲೋರಿನ್ ನೀರಿನಲ್ಲಿ ಕೈ ತೊಳೆಸಿದ, ಸಾವು ಇಳಿಯಿತು. ಅಪಾಯ ಬಾಣಂತಿಯಿಂದ ನಮಗಿರಲಿಲ್ಲ, ನಮ್ಮಿಂದ ಬಾಣಂತಿಗಿತ್ತು! ಕೈ ತೊಳೆಯಬೇಕಾದವರು ನೋಡಲು ಬರುವ ನೆಂಟರು.

ಶರಣರಿಗೆ ವೈರಾಣು ಗೊತ್ತಿತ್ತು ಎಂದು ನಾನು ಹೇಳುವುದಿಲ್ಲ. ಎಲ್ಲವೂ ವಚನದಲ್ಲೇ ಇದೆ ಎಂಬ ಭಾಷಣ ನನಗೆ ಹಿಡಿಸದು. ಹೆತ್ತವಳನ್ನು ಹೊಲೆಯೆನ್ನುವುದು ಅನ್ಯಾಯವೆಂದು ಅವರು ಸೂತಕ ಬಿಟ್ಟರು. ಅದಕ್ಕೆ ಸೂಕ್ಷ್ಮದರ್ಶಕ ಬೇಕಿರಲಿಲ್ಲ. ನಾಳೆ ವಿಜ್ಞಾನ ಬೇರೆ ಹೇಳಿದರೂ ಆ ಕಾರಣ ಅಳಿಯದು. ನಾನು ಇಷ್ಟು ಹೇಳಿದ್ದು ವಿಜ್ಞಾನದ ಹೆಸರಿನಲ್ಲಿ ಸೂತಕ ಮತ್ತೆ ಹಿಂಬಾಗಿಲಿನಿಂದ ಬರುತ್ತಿದೆ ಎಂಬುದಕ್ಕೆ.

ಮನೆಯಲ್ಲಿ ಬಾಣಂತಿ ಇರುವವರು ಅವಳಿಗೆ ವಿಶ್ರಾಂತಿ ಕೊಡಿ. ನೆಗಡಿ ಇದ್ದವರನ್ನು ದೂರವಿಡಿ. ಲಿಂಗಪೂಜೆಗೆ ನೀರು, ವಿಭೂತಿಯನ್ನು ಅವಳ ಕೋಣೆಗೇ ಒಯ್ದು ಕೊಡಿ, ಸೋಪಿನಲ್ಲಿ ಕೈ ತೊಳೆದುಕೊಂಡು. ಪ್ರಶ್ನೆಗಳಿದ್ದರೆ ತಾಯಂದಿರೇ ಮೊದಲು ಕೇಳಲಿ.