ಫಲಿತಾಂಶದ ದಿನ ಮನೆಯ ಬಾಗಿಲು ತೆರೆದಿರಲಿ

(ಸ್ವ-ಸಹಾಯ ಸಂಘಗಳ ಒಕ್ಕೂಟದ ತ್ರೈಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಉಳಿತಾಯ, ಸಾಲ, ಮರುಪಾವತಿ ಎಲ್ಲದರ ವರದಿ ಈಗ ಓದಿ ಆಯಿತು. ಇನ್ನು ಅರ್ಧ ಗಂಟೆ ನಮ್ಮ ಮಕ್ಕಳ ವಿಷಯ ಮಾತಾಡೋಣ. ಈ ವರ್ಷ ದ್ವಿತೀಯ ಪಿಯುಸಿ ಪರೀಕ್ಷೆ ಬರೆದ ಮಗನೋ ಮಗಳೋ ಯಾರ ಮನೆಯಲ್ಲಿ ಇದ್ದಾರೆ, ಕೈ ಎತ್ತಿ ನೋಡೋಣ. ಹದಿನಾರು ಮಂದಿ ಇದ್ದೀರಿ. ಪರೀಕ್ಷೆ ಮುಗಿದಿದೆ, ಫಲಿತಾಂಶ ಬಂದಿಲ್ಲ. ಈ ನಡುವಿನ ದಿನಗಳು ಮಕ್ಕಳಿಗೆ ರಜೆ, ತಾಯಂದಿರಿಗೆ ಮಾತ್ರ ನಿದ್ದೆ ಇಲ್ಲ. ಅಲ್ವಾ?

ಕಳೆದ ತಿಂಗಳು ಮನೆ ಭೇಟಿಗೆ ಹೋದಾಗ ಒಬ್ಬ ಅಕ್ಕ ಬೀಡಿಯ ಗೆರಸೆ ಮಡಿಲಲ್ಲಿ ಇಟ್ಟುಕೊಂಡೇ ನಮ್ಮೊಡನೆ ಹೇಳಿದರು: "ಸಿಸ್ಟರ್, ನಾನು ಕಲಿತದ್ದು ಐದನೇ ಕ್ಲಾಸು. ಅವಳ ಪುಸ್ತಕ ತೆರೆದ್ರೆ ನನಗೆ ಒಂದಕ್ಷರ ಅರ್ಥ ಆಗುವುದಿಲ್ಲ. ಮುಂದೆ ಎಂತ ಕಲೀಬೇಕು ಅಂತ ನಾನು ಹೇಗೆ ಹೇಳುವುದು?" ಈ ಮಾತು ಅವರೊಬ್ಬರದ್ದಲ್ಲ. ಆದರೆ ಸಹೋದರಿಯರೇ, ಪುಸ್ತಕ ತಿಳಿದವರು ಕಾಲೇಜಿನಲ್ಲಿ ಇದ್ದಾರೆ. ಮಗಳು ಯಾವಾಗ ಊಟ ಬಿಡುತ್ತಾಳೆ, ಯಾವಾಗ ಸುಮ್ಮನಾಗುತ್ತಾಳೆ, ಯಾವ ಕೆಲಸವನ್ನು ಹೇಳದೆಯೇ ಮಾಡುತ್ತಾಳೆ ಎಂದು ತಿಳಿದವರು ನೀವು ಮಾತ್ರ. ಮುಂದಿನ ಮೂರು ತಿಂಗಳಿಗೆ ಬೇಕಾದ ತಿಳುವಳಿಕೆ ಅದೇ.

ನಾವೇ ಮಾಡಿದ ಒಂದು ತಪ್ಪು

ಮೊದಲು ನಮ್ಮ ತಪ್ಪನ್ನೇ ಹೇಳುತ್ತೇವೆ. ಕೆಲವು ವರ್ಷಗಳ ಹಿಂದೆ ಒಕ್ಕೂಟದ ವಾರ್ಷಿಕೋತ್ಸವದಲ್ಲಿ ಹೆಚ್ಚು ಅಂಕ ಪಡೆದ ಸದಸ್ಯೆಯರ ಮಕ್ಕಳಿಗೆ ಶಾಲು ಹೊದಿಸಿ, ಹಣ್ಣು ಕೊಟ್ಟು ಸನ್ಮಾನ ಮಾಡುತ್ತಿದ್ದೆವು. ಒಳ್ಳೆಯ ಕೆಲಸ ಎಂದೇ ನಮ್ಮ ಭಾವನೆ. ಒಂದು ವರ್ಷ ಸನ್ಮಾನವಾದ ಮೇಲೆ ಒಬ್ಬ ಹಳೆಯ ಸದಸ್ಯೆ ವಾರದ ಸಭೆಗೆ ಬರುವುದನ್ನೇ ನಿಲ್ಲಿಸಿದರು. ಪಾಸ್‌ಪುಸ್ತಕ ಮತ್ತು ಉಳಿತಾಯದ ಹಣ ಪಕ್ಕದ ಮನೆಯವರ ಕೈಯಲ್ಲಿ ಬರುತ್ತಿತ್ತು, ಅವರು ಬರುತ್ತಿರಲಿಲ್ಲ. ಮೂರು ತಿಂಗಳಾದ ಮೇಲೆ ನಾವು ಮನೆಗೆ ಹೋದೆವು. ಅವರ ಮಗ ಎರಡು ವಿಷಯದಲ್ಲಿ ಫೇಲಾಗಿದ್ದ. ಫಲಿತಾಂಶದ ದಿನ ರಾತ್ರಿ ಹತ್ತರವರೆಗೆ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದನಂತೆ. ಮನೆಗೆ ಬರಲು ಹೆದರಿಕೆ. ಮಾವ ಹೋಗಿ ಹುಡುಕಿ ಕರೆದುಕೊಂಡು ಬಂದರು.

ಆ ತಾಯಿ ನಮ್ಮನ್ನು ದೂರಲಿಲ್ಲ. "ನೀವು ಹೆಸರು ಓದುವಾಗ ಎಲ್ಲರೂ ನನ್ನ ಮುಖ ನೋಡಿದ ಹಾಗಾಯ್ತು ಸಿಸ್ಟರ್" ಎಂದಷ್ಟೇ ಹೇಳಿದರು. ಅಂಕ ನೋಡಿ ಚಪ್ಪಾಳೆ ಹೊಡೆದ ನಾವು ಆ ಹುಡುಗನ ಭಯಕ್ಕೆ ಒಂದು ಪಾಲು ಸೇರಿಸಿದ್ದೆವು. ಆಮೇಲೆ ನಾವು ಆ ಸನ್ಮಾನ ನಿಲ್ಲಿಸಿದೆವು. ಈಗ ಪಿಯುಸಿ ಮುಗಿಸಿದ ಎಲ್ಲ ಮಕ್ಕಳನ್ನೂ, ಪಾಸೋ ಫೇಲೋ ಕೇಳದೆ, ಕರೆದು ಊಟ ಹಾಕಿ ಮುಂದಿನ ದಾರಿಯ ಮಾಹಿತಿ ಕೊಡುತ್ತೇವೆ. ಆ ಹುಡುಗ ಮತ್ತೆ ಬರೆದು ಪಾಸಾದ, ಐಟಿಐಯಲ್ಲಿ ಎಲೆಕ್ಟ್ರಿಕಲ್ ಕಲಿತ. ಆದರೆ ಆ ರಾತ್ರಿ ಬಸ್‌ಸ್ಟ್ಯಾಂಡಿನಲ್ಲಿ ಏನು ಬೇಕಾದರೂ ಆಗಬಹುದಿತ್ತು. ಅದನ್ನು ನೆನೆದರೆ ನಮಗೆ ಈಗಲೂ ಎದೆ ನಡುಗುತ್ತದೆ. ಅದಕ್ಕೇ ಇವತ್ತು ಮುಖ್ಯವಾಗಿ ಹೇಳುವುದು ಇಷ್ಟೇ: ಫಲಿತಾಂಶ ಏನೇ ಇರಲಿ, ನಮ್ಮ ಮಗುವಿಗೆ ಮನೆಗೆ ಬರಲು ಹೆದರಿಕೆ ಆಗಬಾರದು.

ಫಲಿತಾಂಶಕ್ಕೆ ಮೊದಲು

ಈ ಮಾತನ್ನು ಫಲಿತಾಂಶ ಬಂದ ಮೇಲೆ ಹೇಳಿದರೆ ತಡವಾಗುತ್ತದೆ. ಇವತ್ತೇ ಹೇಳಿ. ರಾತ್ರಿ ಊಟ ಬಡಿಸುವಾಗ ಹೇಳಿ: "ಮಾರ್ಕು ಎಷ್ಟೇ ಬರಲಿ, ನೀನು ಸೀದಾ ಮನೆಗೆ ಬಾ. ಮುಂದಿನದ್ದು ಕೂತು ಯೋಚನೆ ಮಾಡುವ." ಗಂಡನಿಗೂ ಮೊದಲೇ ತಿಳಿಸಿ. ಎಷ್ಟೋ ಮನೆಗಳಲ್ಲಿ ತಾಯಿ ಸಮಾಧಾನ ಹೇಳುತ್ತಾಳೆ, ತಂದೆ ಅದೇ ಹೊತ್ತಿಗೆ ಬೆಲ್ಟು ತೆಗೆಯುತ್ತಾನೆ. ಕುಡಿದು ಬರುವ ತಂದೆ ಇದ್ದರೆ ಆ ದಿನ ಅಜ್ಜಿಯನ್ನೋ ಸೋದರಮಾವನನ್ನೋ ಮನೆಯಲ್ಲಿ ಇರಲು ಕರೆಯಿರಿ.

ದೊಡ್ಡಮ್ಮನ ಮಗಳ ಜೊತೆ, ಪಕ್ಕದ ಮನೆಯವರ ಜೊತೆ ಹೋಲಿಸಬೇಡಿ. "ನಿನಗಾಗಿ ಬೀಡಿ ಕಟ್ಟಿ ನನ್ನ ಬೆನ್ನು ಹೋಯ್ತು" ಎಂದು ನಾವು ಪ್ರೀತಿಯಿಂದಲೇ ಹೇಳಿರಬಹುದು. ಮಕ್ಕಳ ಕಿವಿಗೆ ಅದು ತೀರಿಸಲಾಗದ ಸಾಲದ ಹಾಗೆ ಕೇಳುತ್ತದೆ.

ಮಗು ಊಟ ಬಿಟ್ಟರೆ, ರಾತ್ರಿಯೆಲ್ಲ ಎಚ್ಚರ ಇದ್ದರೆ, ಇಷ್ಟದ ವಸ್ತುಗಳನ್ನು ಯಾರಿಗೋ ಕೊಟ್ಟುಬಿಟ್ಟರೆ, "ನಾನು ಇದ್ದು ಏನು ಪ್ರಯೋಜನ" ಎಂಬ ಮಾತು ಬಂದರೆ ನಾಟಕ ಎಂದು ತಳ್ಳಿಹಾಕಬೇಡಿ. ಪಕ್ಕದಲ್ಲಿ ಕೂತು ನೇರವಾಗಿ ಕೇಳಿ: "ಸಾಯುವ ಯೋಚನೆ ಬರುತ್ತದಾ ಮಗಾ?" ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ತಿಳುವಳಿಕೆ. ಕೇಳಿದಾಗ ಭಾರ ಇಳಿಯುತ್ತದೆ. ಹೌದು ಎಂದರೆ ಒಂಟಿಯಾಗಿ ಬಿಡಬೇಡಿ, ತೋಟದ ಔಷಧಿ, ಕೀಟನಾಶಕ ಕೈಗೆ ಸಿಗದ ಹಾಗೆ ಇಡಿ, ಕೂಡಲೇ ವೈದ್ಯರಿಗೆ ತೋರಿಸಿ. ಟೆಲಿ-ಮಾನಸ್ ಎಂಬ ಸರ್ಕಾರದ ಸಹಾಯವಾಣಿ 2022ರಿಂದ ಉಂಟು. ನಂಬರ್ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ಹಣ ಇಲ್ಲ. ಈ ನಂಬರನ್ನು ಸಂಘದ ನಿರ್ಣಯ ಪುಸ್ತಕದ ಮೊದಲ ಪುಟದಲ್ಲಿ ಈಗಲೇ ಬರೆದುಕೊಳ್ಳಿ.

ಫಲಿತಾಂಶದ ದಿನ

ಆ ದಿನ ಸಾಧ್ಯವಾದರೆ ಕೆಲಸಕ್ಕೆ ರಜೆ ಹಾಕಿ ಮನೆಯಲ್ಲಿ ಇರಿ. ಬೀಡಿ ಬ್ರಾಂಚಿಗೆ ನಾಳೆ ಹೋಗಬಹುದು. ನೆಂಟರ ಫೋನಿಗೆ "ಆಮೇಲೆ ಹೇಳ್ತೇವೆ" ಎಂದರೆ ಸಾಕು. ಮೊದಲು ಊಟ ಆಗಲಿ, ಅಂಕಪಟ್ಟಿಯ ಮಾತು ಆಮೇಲೆ.

ಒಂದು ವಿಷಯ ಹೋದರೆ ಒಂದು ವರ್ಷ ಹೋಯಿತು ಎಂಬುದು ಹಳೆಯ ಮಾತು. 2024ರಿಂದ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯವರು ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಸುತ್ತಿದ್ದಾರೆ. ಪರೀಕ್ಷೆ-1ರಲ್ಲಿ ಹೋದ ವಿಷಯವನ್ನು ಪರೀಕ್ಷೆ-2ರಲ್ಲಿ ಬರೆಯಬಹುದು. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಬರೆಯಬಹುದು, ಯಾವುದರಲ್ಲಿ ಹೆಚ್ಚು ಬಂತೋ ಅದೇ ಉಳಿಯುತ್ತದೆ. ಅಂಕದ ಬಗ್ಗೆ ಸಂಶಯ ಇದ್ದರೆ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿ ಮರುಮೌಲ್ಯಮಾಪನಕ್ಕೆ ಹಾಕಬಹುದು. ಇದಕ್ಕೆಲ್ಲ ಕೆಲವೇ ದಿನಗಳ ಸಮಯ ಕೊಡುತ್ತಾರೆ. ಅಳುತ್ತಾ ಕೂತರೆ ಆ ದಿನಗಳು ಹೋಗುತ್ತವೆ. ಎರಡನೇ ದಿನವೇ ಮಗುವಿನ ಜೊತೆ ಕಾಲೇಜಿಗೆ ಹೋಗಿ ವಿಚಾರಿಸಿ.

ಮುಂದೇನು?

ಈಗ ಊರಿಗೆಲ್ಲ ಸಲಹೆ ಕೊಡುವ ಸಮಯ. ಚಿಕ್ಕಪ್ಪ ಇಂಜಿನಿಯರಿಂಗ್ ಅನ್ನುತ್ತಾರೆ, ಅತ್ತಿಗೆ ನರ್ಸಿಂಗ್ ಅನ್ನುತ್ತಾರೆ. ಮಗುವನ್ನು ಕೇಳಿದವರು ಯಾರು?

ನಮ್ಮ ಒಂದು ಸಂಘದಲ್ಲಿ ನಡೆದದ್ದು ಹೇಳುತ್ತೇವೆ. ಹುಡುಗಿಗೆ ಬಿ.ಕಾಂ. ಮಾಡುವ ಆಸೆ. ಸಂಘದ ಲೆಕ್ಕ ಬರೆಯುವಾಗ ತಾಯಿಗೆ ಅವಳೇ ಸಹಾಯ ಮಾಡುತ್ತಿದ್ದಳು, ಒಂದು ರೂಪಾಯಿ ತಪ್ಪುತ್ತಿರಲಿಲ್ಲ. ಆದರೆ ಪರಿಚಯದ ಏಜೆಂಟ್ ಒಬ್ಬ ಬಂದು, "ಬೆಂಗಳೂರಿನಲ್ಲಿ ನರ್ಸಿಂಗ್ ಸೀಟು ಉಂಟು, ವಿದೇಶದಲ್ಲಿ ಕೆಲಸ ಗ್ಯಾರಂಟಿ" ಎಂದ. ತಾಯಿ ಸಂಘದಿಂದ 50,000 ರೂಪಾಯಿ ಸಾಲ ತೆಗೆದು ಮುಂಗಡ ಕೊಟ್ಟರು, ಮೂಲ ಅಂಕಪಟ್ಟಿಯನ್ನೂ ಕೊಟ್ಟರು. ಹುಡುಗಿ ಅಲ್ಲಿ ಆರು ವಾರ ಇದ್ದಳು. ರಕ್ತ ನೋಡಿದರೆ ತಲೆ ತಿರುಗುವ ಹುಡುಗಿ ಅವಳು. ಆ ಮಾತು ಇಡೀ ಮನೆಗೆ ಗೊತ್ತಿತ್ತು, ಯಾರೂ ಹೇಳಲಿಲ್ಲ. ವಾಪಸ್ ಬಂದಾಗ ಹಣ ಬರಲಿಲ್ಲ. ಅಂಕಪಟ್ಟಿ ಬಿಡಿಸಿಕೊಳ್ಳಲು ನಾವು ನಾಲ್ಕು ಸಲ ಹೋಗಬೇಕಾಯಿತು. ಸಾಲದ ಕಂತು ಎರಡು ವರ್ಷ ನಡೆಯಿತು.

ನರ್ಸಿಂಗ್ ಕೆಟ್ಟದ್ದು ಎಂದು ನಾವು ಹೇಳುತ್ತಿಲ್ಲ. ನಮ್ಮ ಎಷ್ಟೋ ಹೆಣ್ಣುಮಕ್ಕಳು ಅದರಿಂದ ಮನೆ ಎತ್ತಿ ನಿಲ್ಲಿಸಿದ್ದಾರೆ. ಇಷ್ಟ ಇದ್ದವರು ಹೋಗಲಿ, ವಿಚಾರಿಸಿ ಹೋಗಲಿ. ಬಿ.ಎಸ್ಸಿ. ನರ್ಸಿಂಗ್‌ನ ಸರ್ಕಾರಿ ಕೋಟಾದ ಸೀಟು ಸಿಇಟಿ ಮೂಲಕ ಸಿಗುತ್ತದೆ, ಅದಕ್ಕೆ ಏಜೆಂಟ್ ಬೇಡ. ಯಾವ ಕೋರ್ಸೇ ಆಗಲಿ, ಕಾಲೇಜಿಗೆ ಮಾನ್ಯತೆ ಉಂಟಾ, ಯಾವ ವಿಶ್ವವಿದ್ಯಾಲಯಕ್ಕೆ ಸೇರಿದ್ದು, ಕೊನೆಯವರೆಗೆ ಒಟ್ಟು ಎಷ್ಟು ಖರ್ಚು, ಈ ಮೂರು ಪ್ರಶ್ನೆ ಕೇಳಿ. ಕೊಟ್ಟ ಪ್ರತಿ ರೂಪಾಯಿಗೆ ಕಾಲೇಜಿನ ಹೆಸರಿನ ರಸೀದಿ ಪಡೆಯಿರಿ. ಮೂಲ ದಾಖಲೆ ತೋರಿಸಿ ವಾಪಸ್ ತೆಗೆದುಕೊಳ್ಳಿ, ಅವರಿಗೆ ಪ್ರತಿ ಸಾಕು. ಕಾಲೇಜುಗಳು ಮೂಲ ಪ್ರಮಾಣಪತ್ರ ಇಟ್ಟುಕೊಳ್ಳಬಾರದು ಎಂದು ಯುಜಿಸಿ 2018ರಲ್ಲೇ ಹೇಳಿದೆ.

ಹಣ ಮತ್ತು ಕಾಗದಪತ್ರ

ಸಂಘದ ಸಾಲ ಕೊನೆಯ ದಾರಿಯಾಗಲಿ. ಮೊದಲು ಇವನ್ನು ನೋಡಿ:

1. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಸಚಿವಾಲಯದ ವಿದ್ಯಾರ್ಥಿವೇತನ ಉಂಟು. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ನಿಮ್ಮ ಬೀಡಿ ಕಾರ್ಡು ಬೇಕಾಗುತ್ತದೆ, ಈಗಲೇ ಹುಡುಕಿ ಇಡಿ.

2. ರಾಜ್ಯದ ವಿದ್ಯಾರ್ಥಿವೇತನಗಳಿಗೆ ಎಸ್‌ಎಸ್‌ಪಿ ಪೋರ್ಟಲ್ ಇದೆ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ಏಪ್ರಿಲ್‌ನಲ್ಲೇ ನಾಡಕಚೇರಿಗೆ ಹೋಗಿ. ಜೂನ್‌ನಲ್ಲಿ ಅಲ್ಲಿ ಸಾಲು ಉದ್ದ ಇರುತ್ತದೆ. ಮಗುವಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ನೋಡಿ.

3. ಬ್ಯಾಂಕಿನ ಶಿಕ್ಷಣ ಸಾಲ 4 ಲಕ್ಷ ರೂಪಾಯಿಯವರೆಗೆ ಜಾಗ, ಚಿನ್ನ ಅಡವಿಲ್ಲದೆ ಸಿಗುತ್ತದೆ. ಹೆತ್ತವರು ಜೊತೆಗೆ ಸಹಿ ಹಾಕಬೇಕು. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕೆಂದಿಲ್ಲ, ಆದರೆ ಬಡ್ಡಿ ಬೆಳೆಯುತ್ತಾ ಇರುತ್ತದೆ. ಮಗುವಿಗೂ ಇದು ಗೊತ್ತಿರಲಿ.

4. ದೂರ ಓದುವವರಿಗೆ ಸರ್ಕಾರಿ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳಿವೆ. ಪಿ.ಜಿ. ರೂಮು ನೋಡುವ ಮೊದಲು ಅಲ್ಲಿ ಅರ್ಜಿ ಹಾಕಿ.

ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು

ಪಿಯುಸಿ ಮುಗಿಯಿತು ಎಂದ ಕೂಡಲೇ ಬ್ರೋಕರ್‌ಗಳು ಮನೆಗೆ ಬರುತ್ತಾರೆ. ಹದಿನೆಂಟು ತುಂಬದ ಹುಡುಗಿಯ ಮದುವೆ 2006ರ ಕಾನೂನಿನ ಪ್ರಕಾರ ಅಪರಾಧ, ನಿಶ್ಚಯ ಮಾಡಿಸಿದವರೂ ಸಿಕ್ಕಿಬೀಳುತ್ತಾರೆ. ಅಂಥ ಸುದ್ದಿ ಕಿವಿಗೆ ಬಿದ್ದರೆ 1098ಕ್ಕೆ ಫೋನ್ ಮಾಡಿ. ಆದರೆ ಹದಿನೆಂಟು ತುಂಬಿತು ಎಂಬುದೇ ಮದುವೆಗೆ ಕಾರಣವೂ ಅಲ್ಲ. ಮಗ ಫೇಲಾದರೆ ಮತ್ತೆ ಬರೆಸುತ್ತೇವೆ, ಮಗಳು ಫೇಲಾದರೆ ಗಂಡು ಹುಡುಕುತ್ತೇವೆ. ಇದು ನಮ್ಮ ಮನೆಗಳಲ್ಲಿ ಇಲ್ಲ ಎಂದು ಯಾರಾದರೂ ಹೇಳಬಹುದಾ? ಇಲ್ಲಿ ಕೂತ ನಮ್ಮಲ್ಲಿ ಎಷ್ಟು ಮಂದಿಯ ಓದು ಹಾಗೆಯೇ ನಿಂತದ್ದು ಎಂದು ನೆನಪು ಮಾಡಿಕೊಳ್ಳಿ.

ಮಗು ಮನೆ ಬಿಟ್ಟು ಹೋಗುವಾಗ

ಜೂನ್, ಜುಲೈಯಲ್ಲಿ ಕೆಲವು ಮಕ್ಕಳು ಪೆಟ್ಟಿಗೆ ಕಟ್ಟಿ ಹೊರಡುತ್ತಾರೆ. ಹಾಸ್ಟೆಲ್ ಗೇಟಿನಲ್ಲಿ ಅಳದೆ, ವಾಪಸ್ ಬರುವಾಗ ಬಸ್ಸಿನಲ್ಲಿ ಸೆರಗು ಮುಖಕ್ಕೆ ಹಿಡಿದು ಅತ್ತ ತಾಯಂದಿರನ್ನು ನಾವು ನೋಡಿದ್ದೇವೆ. ಬೆಳಿಗ್ಗೆ ಐದಕ್ಕೆ ಎದ್ದು ಬುತ್ತಿ ಕಟ್ಟುವ ಕೆಲಸ ತಟ್ಟನೆ ನಿಲ್ಲುವಾಗ ಮನಸ್ಸು ಖಾಲಿಯಾಗುತ್ತದೆ. ಅದು ದೌರ್ಬಲ್ಯ ಅಲ್ಲ. ಆ ವಾರ ಸಭೆ ತಪ್ಪಿಸಬೇಡಿ, ಬಂದು ಹೇಳಿಕೊಳ್ಳಿ. ಹೋಗುವ ಮೊದಲು ಮಗನಿಗೂ ಅನ್ನ ಮಾಡಲು, ಬಟ್ಟೆ ಒಗೆಯಲು, ಹಣದ ಲೆಕ್ಕ ಬರೆಯಲು ಕಲಿಸಿ. ಫೋನಿನಲ್ಲಿ ದಿನವೂ "ಓದಿದ್ದೀಯಾ" ಎನ್ನುವ ಬದಲು "ಊಟ ಆಯ್ತಾ, ಗೆಳೆಯರು ಸಿಕ್ಕಿದ್ರಾ" ಎಂದು ಕೇಳಿ.

ನಮ್ಮಲ್ಲಿ ಎಲ್ಲ ಧರ್ಮದ ತಾಯಂದಿರೂ ಇದ್ದೀರಿ. ಬೈಬಲಿನಲ್ಲಿ ಒಂದು ಘಟನೆ ಬರುತ್ತದೆ. ಹನ್ನೆರಡು ವರ್ಷದ ಬಾಲ ಯೇಸು ಜೆರುಸಲೇಮಿನಲ್ಲಿ ತಪ್ಪಿಹೋಗುತ್ತಾನೆ, ಮೂರು ದಿನಗಳ ನಂತರ ದೇವಾಲಯದಲ್ಲಿ ಸಿಗುತ್ತಾನೆ. ಮಾತೆ ಮರಿಯಮ್ಮ ತನ್ನ ಸಂಕಟವನ್ನು ಹೇಳುತ್ತಾಳೆ, ಅವನು ಉತ್ತರ ಕೊಡುತ್ತಾನೆ. ಆ ಉತ್ತರ ತಂದೆತಾಯಿಗೆ ಅರ್ಥವಾಗುವುದಿಲ್ಲ. ಆದರೂ ಜೊತೆಯಾಗಿ ಮನೆಗೆ ಹೋಗುತ್ತಾರೆ, ತಾಯಿ ಆ ಮಾತನ್ನೆಲ್ಲ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾಳೆ. ಮಕ್ಕಳ ಎಲ್ಲ ಮಾತೂ ನಮಗೂ ಅರ್ಥವಾಗಬೇಕೆಂದಿಲ್ಲ. ಕೇಳಿಸಿಕೊಂಡು ಜೊತೆಗೆ ಕರೆದುಕೊಂಡು ಹೋದರೆ ಸಾಕು.

ಸಂಘದಲ್ಲಿ ಮಾಡಬಹುದಾದದ್ದು

ಇವತ್ತು ಮೂರು ನಿರ್ಣಯ ಬರೆಯೋಣ. ಒಂದು, ಫಲಿತಾಂಶದ ದಿನ ಸಂಜೆ ಪ್ರತಿ ಸಂಘದಿಂದ ಇಬ್ಬರು ಸದಸ್ಯೆಯರು ಪಿಯುಸಿ ಬರೆದ ಮಕ್ಕಳಿರುವ ಮನೆಗಳಿಗೆ ಹೋಗಿ ಬರಬೇಕು. ಅಂಕ ಕೇಳಬಾರದು, ಚಹಾ ಕುಡಿದು ಬರಬೇಕು. ಎರಡು, ಓದಿನ ಹೆಸರಿನಲ್ಲಿ ದೊಡ್ಡ ಸಾಲ ಕೇಳಿದಾಗ ಕಾಲೇಜಿನ ರಸೀದಿ, ಶುಲ್ಕದ ವಿವರ ನೋಡಿ, ಮಗುವಿನ ಒಪ್ಪಿಗೆ ಕೇಳಿ ಕೊಡಬೇಕು. ಮೂರು, ಏಪ್ರಿಲ್‌ನ ಒಂದು ಸಭೆಯನ್ನು ವಿದ್ಯಾರ್ಥಿವೇತನದ ಕಾಗದಪತ್ರ ಸರಿಮಾಡಲು ಇಡಬೇಕು. ನಮ್ಮ ಪ್ರೇರಕಿಯರು ಬಂದು ಸಹಾಯ ಮಾಡುತ್ತಾರೆ.

ಕೈ ಎತ್ತಿದ ಹದಿನಾರು ಮಂದಿ ಇವತ್ತು ಮನೆಗೆ ಹೋಗಿ, ದೀಪ ಹಚ್ಚಿ, ಊಟ ಬಡಿಸುವಾಗ ಆ ಒಂದು ಮಾತು ಹೇಳಿಬಿಡಿ: "ಸೀದಾ ಮನೆಗೆ ಬಾ." ದೇವರು ನಿಮ್ಮನ್ನೂ ನಿಮ್ಮ ಮಕ್ಕಳನ್ನೂ ಆಶೀರ್ವದಿಸಲಿ.